ಸುಗ್ಗಿ ಹಬ್ಬದ ದುಡ್ಡು

ನಮ್ಮ ಸಭೆಗೆ ನಾನು ಏಳು ವರ್ಷ ಖಜಾಂಚಿಯಾಗಿದ್ದೆ. ಸಭೆ ಅಂದರೆ ಮೀಟಿಂಗ್ ಅಲ್ಲ. ಒಂದು ಚರ್ಚಿಗೆ ಸೇರಿದ ಜನರನ್ನೆಲ್ಲ ಒಟ್ಟಾಗಿ ನಾವು ಸಭೆ ಅಂತಲೇ ಕರೆಯೋದು. ಊರಿನ ಹೆಸರು ಬೇಡ. ಬಾಸೆಲ್ ಮಿಷನ್ನಿನವರ ಕಾಲದ ಹಂಚಿನ ಚರ್ಚು, ಮುಂದೆ ಒಂದು ಹುಣಸೆಮರ, ಉತ್ತರ ಕರ್ನಾಟಕ, ಅಷ್ಟು ಸಾಕು.

ಪ್ರತಿ ವರ್ಷ ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಕಂಪೌಂಡಿನಲ್ಲಿ ಲಿಲಾವು ನಡೆಯುತ್ತದೆ. ಜೋಳದ ಚೀಲ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜ, ಯಾರೋ ಮನೆಯಲ್ಲಿ ಮಾಡಿದ ಕೇಕು. ಒಂದು ತೆಂಗಿನಕಾಯಿ 1,800 ರೂಪಾಯಿಗೆ ಹೋಗುತ್ತದೆ, ಕೊಂಡವರು ಅದನ್ನು ಅಲ್ಲೇ ವಾಪಸ್ ಕೊಡುತ್ತಾರೆ, ಅದೇ ಕಾಯಿ ಮತ್ತೆ ಲಿಲಾವಿಗೆ ಬರುತ್ತದೆ. ಕೂಗಾಟ, ನಗು, ಹಳೇ ಜಗಳಗಳೆಲ್ಲ ರೇಟಿನಲ್ಲಿ ತೀರುತ್ತವೆ. ವರ್ಷದಲ್ಲಿ ನಮ್ಮ ಸಭೆ ಅತ್ಯಂತ ಖುಷಿಯಾಗಿರುವ ದಿನ ಅದೇ ಇರಬೇಕು.

ಆ ವರ್ಷ ಕೈಗೆ ಬಂದದ್ದು 38,400 ರೂಪಾಯಿ. ಭಾನುವಾರ, ಬ್ಯಾಂಕ್ ಇಲ್ಲ. ಸೋಮವಾರ ರಜೆ. ದುಡ್ಡನ್ನು ಬಿಸ್ಕೆಟ್ ಡಬ್ಬಿಗೆ ಹಾಕಿ ಅಲ್ಮಾರಿಯಲ್ಲಿ ಇಟ್ಟೆ. ಮಂಗಳವಾರ ಮಗನ ಕಾಲೇಜು ಫೀ ಕಟ್ಟಲು ಕಡೇ ದಿನ, ನನ್ನ ಸಂಬಳ ಇನ್ನೂ ಆಗಿರಲಿಲ್ಲ. ಡಬ್ಬಿಯಿಂದ 15,000 ತೆಗೆದೆ. ಬ್ಯಾಂಕಿಗೆ 23,400 ಕಟ್ಟಿದೆ. ಲಿಲಾವಿನಲ್ಲಿ ಕೊಂಡವರು ಎಷ್ಟೋ ಜನ ದುಡ್ಡು ತಡವಾಗಿಯೇ ಕೊಡುವುದು ರೂಢಿ, ಹಾಗಾಗಿ ಲೆಕ್ಕದ ಪುಸ್ತಕದಲ್ಲಿ 'ಬಾಕಿ ಬರಬೇಕಾದದ್ದು' ಅಂತ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ನಾನೂ ಹಾಗೇ ಬರೆದೆ. ನಲವತ್ತು ದಿನ ಆದ ಮೇಲೆ ಒಂದು ರೂಪಾಯಿ ಕಡಿಮೆಯಿಲ್ಲದೆ ತುಂಬಿದೆ. ಆಡಿಟ್ ಆಯಿತು. ಟಿಕ್ ಬಿತ್ತು. ಯಾರಿಗೂ ಗೊತ್ತಾಗಲಿಲ್ಲ.

ಆ ನಲವತ್ತು ದಿನಗಳ ನಡುವೆ ಒಂದು ಶನಿವಾರ ಯುವಜನರ ಕೂಟದಲ್ಲಿ ನಾನು ಮಾತಾಡಿದೆ. ವಿಷಯ ಏನು ಗೊತ್ತಾ? ಲೂಕನ ಸುವಾರ್ತೆಯ 16ನೇ ಅಧ್ಯಾಯ. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲೂ ನಂಬಿಗಸ್ತನಾಗಿರುತ್ತಾನೆ ಅನ್ನುವ ಮಾತು. ಚೆನ್ನಾಗಿ ಮಾತಾಡಿದೆ ಅಂತ ಎಲ್ಲರೂ ಹೇಳಿದರು. ನನಗೂ ಹಾಗೇ ಅನಿಸಿತು, ಅದೇ ಭಯಂಕರ.

ಪ್ರತಿ ಭಾನುವಾರ ನಾವು ಪಾಪದ ಅರಿಕೆ ಮಾಡುತ್ತೇವೆ. ಪುಸ್ತಕದಲ್ಲಿ ಅಚ್ಚಾಗಿರುವ ಪ್ರಾರ್ಥನೆ, ಎಲ್ಲರೂ ಒಟ್ಟಿಗೆ ಹೇಳೋದು. ಯೋಚನೆಯಲ್ಲಿ, ಮಾತಿನಲ್ಲಿ, ಕ್ರಿಯೆಯಲ್ಲಿ ತಪ್ಪಿದ್ದೇವೆ ಅಂತ. ಆ ನಲವತ್ತು ದಿನದಲ್ಲಿ ಆರು ಭಾನುವಾರ ಬಂದವು. ಆರು ಸಲವೂ ನಾನು ಎಲ್ಲರ ಜೊತೆ ಜೋರಾಗಿಯೇ ಹೇಳಿದೆ. ನಾಲಿಗೆಗೆ ಏನೂ ತೊಡಕಾಗಲಿಲ್ಲ. ಆ ಪ್ರಾರ್ಥನೆಯನ್ನು ನಾನು ಹೀಗಳೆಯುತ್ತಿಲ್ಲ, ನನಗೆ ಅದು ಬಾಯಿಪಾಠ, ಸಾಯುವಾಗಲೂ ಅದೇ ಬರಬಹುದು. ಆದರೆ ಎಲ್ಲರೂ ಒಟ್ಟಿಗೆ ಎಲ್ಲವನ್ನೂ ಹೇಳುವಾಗ ಯಾರೊಬ್ಬರೂ ಏನನ್ನೂ ಹೇಳದೆ ತಪ್ಪಿಸಿಕೊಳ್ಳಬಹುದು. ಕಮಿಟಿಯಲ್ಲಿ ಕೂತವರಿಗಂತೂ ಅದು ಇನ್ನೂ ಸುಲಭ.

ಅರಿಕೆ. ಎಂಥಾ ಪದ ನೋಡಿ. ಹಳೇ ಕಾಲದಲ್ಲಿ ದೊರೆಗೆ, ದಿವಾನರಿಗೆ ಬಡವ ಬರೆದುಕೊಳ್ಳುತ್ತಿದ್ದದ್ದು ಅರಿಕೆ. ಪುಸ್ತಕದ ಮೊದಲ ಪುಟದಲ್ಲಿ ಲೇಖಕ ಓದುಗರಿಗೆ ಮಾಡಿಕೊಳ್ಳುವುದೂ ಅರಿಕೆ. ಅರಿ ಅಂದರೆ ತಿಳಿ, ಅರಿಕೆ ಅಂದರೆ ತಿಳಿಸುವುದು. ನಮ್ಮ ಕನ್ನಡ ಬೈಬಲಿನಲ್ಲಿ ಈ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಯೋಹಾನನ ಮೊದಲ ಪತ್ರದಲ್ಲಿ ಪಾಪಗಳನ್ನು ಅರಿಕೆ ಮಾಡಿ ಅಂತ ಬರುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 10ನೇ ಅಧ್ಯಾಯದಲ್ಲಿ ಯೇಸುವನ್ನು ಕರ್ತನೆಂದು ಬಾಯಿಂದ ಅರಿಕೆ ಮಾಡಬೇಕು ಅಂತ ಬರುತ್ತದೆ. ನನ್ನ ತಪ್ಪನ್ನು ಹೇಳಿಕೊಳ್ಳುವುದೂ ಅರಿಕೆ, ನನ್ನ ನಂಬಿಕೆಯನ್ನು ಹೇಳಿಕೊಳ್ಳುವುದೂ ಅರಿಕೆ. ನಮ್ಮ ಮುಖಂಡರು ಎರಡನೆಯದನ್ನು ಮೈಕಿನಲ್ಲಿ ಮಾಡುತ್ತಾರೆ. ಮೊದಲನೆಯದನ್ನು ಗುಂಪಿನ ಜೊತೆ ಗೊಣಗುತ್ತಾರೆ. ನಾನೂ ಅವರಲ್ಲೊಬ್ಬ.

ಇನ್ನೊಂದು ಸಂಗತಿ ಇದೆ, ಸಾಕ್ಷಿ. ಪ್ರಾರ್ಥನಾ ಕೂಟಗಳಲ್ಲಿ ಎದ್ದು ನಿಂತು ದೇವರು ನನ್ನ ಬದುಕಿನಲ್ಲಿ ಏನು ಮಾಡಿದ ಅಂತ ಹೇಳುವುದು. ನಾನು ಚಿಕ್ಕಂದಿನಿಂದ ನೂರಾರು ಸಾಕ್ಷಿ ಕೇಳಿದ್ದೇನೆ. ಕುಡಿಯುತ್ತಿದ್ದೆ, ಇಸ್ಪೀಟು ಆಡುತ್ತಿದ್ದೆ, ಹೆಂಡತಿಯನ್ನು ಹೊಡೆಯುತ್ತಿದ್ದೆ, ಕರ್ತನು ಬಿಡಿಸಿದ. ಅವುಗಳಲ್ಲಿ ನಿಜವಾದವು ಬಹಳ ಇದ್ದವು, ಆ ಮನೆಗಳು ನಿಜವಾಗಿ ಬದಲಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಗಮನಿಸಿ, ಎಲ್ಲ ಪಾಪಗಳೂ 'ಇದ್ದೆ', 'ಮಾಡುತ್ತಿದ್ದೆ'. ಹೋದ ವಾರದ ಪಾಪವನ್ನು ಹೇಳಿದ ಒಂದೇ ಒಂದು ಸಾಕ್ಷಿಯೂ ನನಗೆ ನೆನಪಿಲ್ಲ. ಯಾರಾದರೂ ಕಮಿಟಿ ಮೆಂಬರ್ ಎದ್ದು ನಿಂತು 'ಮೊನ್ನೆ ಬುಧವಾರ' ಅಂತ ಶುರು ಮಾಡಿದರೆ ಇಡೀ ಕೂಟವೇ ಎದ್ದು ಚಹಾ ಕುಡಿಯಲು ಹೋದೀತು.

ಅಗಸ್ಟಿನ್ ಇದರಲ್ಲಿ ಭಾರಿ ಮನುಷ್ಯ. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣಕ್ಕೆ ಬಿಷಪ್ ಆದ ಕೆಲವೇ ವರ್ಷಕ್ಕೆ, ಸುಮಾರು 397ರಲ್ಲಿ, ತನ್ನ ಬದುಕಿನ ಅರಿಕೆಯನ್ನು ಬರೆಯಲು ಕೂತ. ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ಪಿಯರ್ ಹಣ್ಣು ಕದ್ದು ಹಂದಿಗಳಿಗೆ ಎಸೆದ ಕತೆ ಎಲ್ಲರಿಗೂ ಗೊತ್ತು. ಪ್ರಸಂಗಗಳಲ್ಲಿ, ಅಂದರೆ ಚರ್ಚಿನ ಉಪದೇಶಗಳಲ್ಲಿ, ಬರೋದು ಅದೇ. ಆದರೆ ಆ ಬರಹದ ಹತ್ತನೇ ಭಾಗಕ್ಕೆ ಬಂದಾಗ ಅವನು ಹಳೇ ಕತೆ ಬಿಟ್ಟು ಈಗಿನ ಮಾತಿಗೆ ಬರುತ್ತಾನೆ. ಬಿಷಪ್ ಆದ ಮೇಲೂ ಊಟದ ಆಸೆ ಬಿಟ್ಟಿಲ್ಲ, ಕನಸುಗಳು ಬಿಟ್ಟಿಲ್ಲ, ಜನ ಹೊಗಳಿದರೆ ಒಳಗೆ ಹಿತವಾಗುತ್ತದೆ, ಅದನ್ನು ಗೆದ್ದಿದ್ದೇನೋ ಇಲ್ಲವೋ ನನಗೇ ತಿಳಿಯದು ಅನ್ನುತ್ತಾನೆ. ಕುರ್ಚಿಯಲ್ಲಿ ಕೂತಿರುವಾಗಲೇ ಹೇಳಿದ್ದು. ಲ್ಯಾಟಿನ್ನಿನಲ್ಲೂ ಪಾಪ ಹೇಳಿಕೊಳ್ಳುವುದಕ್ಕೆ, ದೇವರನ್ನು ಕೊಂಡಾಡುವುದಕ್ಕೆ ಒಂದೇ ಪದವಂತೆ. ಅವನು ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿದ.

ಹಳೇ ಒಡಂಬಡಿಕೆಯಲ್ಲಿ ಇಬ್ಬರು ಅರಸರು ಒಂದೇ ಮಾತು ಹೇಳುತ್ತಾರೆ. ಸೌಲನೂ 'ಪಾಪ ಮಾಡಿದ್ದೇನೆ' ಅನ್ನುತ್ತಾನೆ, ದಾವೀದನೂ ಅನ್ನುತ್ತಾನೆ. ವ್ಯತ್ಯಾಸ ಅದರ ಮುಂದಿನ ವಾಕ್ಯದಲ್ಲಿದೆ. ಸೌಲ ಪ್ರವಾದಿ ಸಮುವೇಲನಿಗೆ ಹೇಳುವುದು ಏನಂದರೆ, ಪಾಪ ಮಾಡಿದ್ದೇನೆ ನಿಜ, ಆದರೂ ನನ್ನ ಜನರ ಹಿರಿಯರ ಮುಂದೆ ನನ್ನ ಮಾನ ಉಳಿಸು, ನನ್ನ ಜೊತೆ ಬಾ. ದಾವೀದನ ಮುಂದೆ ಪ್ರವಾದಿ ನಾತಾನ ಬಂದು ಬಡವನ ಒಂದೇ ಕುರಿಮರಿಯ ಕತೆ ಹೇಳಿ 'ಆ ಮನುಷ್ಯನು ನೀನೇ' ಅಂದಾಗ, ದಾವೀದ ಕರ್ತನಿಗೆ ವಿರೋಧವಾಗಿ ಪಾಪ ಮಾಡಿದೆ ಅಂದು ಸುಮ್ಮನಾಗುತ್ತಾನೆ. ಮುಂದಿನ ವಾಕ್ಯವೇ ಇಲ್ಲ. ಅವನು ಮಾಡಿದ್ದು ಸೌಲನಿಗಿಂತ ಹತ್ತು ಪಾಲು ಕೆಟ್ಟ ಕೆಲಸ, ತಾನು ಬಯಸಿದ ಹೆಂಗಸಿನ ಗಂಡ ಊರೀಯನನ್ನು ಕೊಲ್ಲಿಸಿದವನು. ಅರಿಕೆ ಮಾಡಿದ ಅಂತ ಅದರ ಫಲ ತಪ್ಪಲೂ ಇಲ್ಲ. ನಮ್ಮ ಪ್ರಸಂಗಗಳಲ್ಲಿ ಆ ಭಾಗವನ್ನು ಜಾರಿಸಿಬಿಡುತ್ತಾರೆ, ಕ್ಷಮೆ ಸಿಕ್ಕಿತು, ಆಮೆನ್.

ಸೌಲನ ದಾರಿ ಈ ಕಾಲದಲ್ಲಿ ಜಾಸ್ತಿ ಓಡುತ್ತದೆ. ಅಮೆರಿಕದ ಟಿವಿ ಪ್ರಸಂಗಿ ಜಿಮ್ಮಿ ಸ್ವಾಗರ್ಟ್ 1988ರ ಫೆಬ್ರವರಿಯಲ್ಲಿ ಕ್ಯಾಮೆರಾ ಮುಂದೆ ಕಣ್ಣೀರು ಸುರಿಸುತ್ತಾ ಪಾಪ ಮಾಡಿದೆ ಅಂದರು. ಜಗತ್ತೇ ನೋಡಿತು. ಅವರ ಪಂಗಡ, ಒಂದು ವರ್ಷ ಪ್ರಸಂಗ ಮಾಡಬೇಡಿ ಅಂದಿತು. ಅದಕ್ಕೆ ಒಪ್ಪಲಿಲ್ಲ, ಕೆಲವೇ ತಿಂಗಳಲ್ಲಿ ವೇದಿಕೆಗೆ ಮರಳಿದರು. 1991ರಲ್ಲಿ ಮತ್ತೆ ಅಂಥದ್ದೇ ಪ್ರಕರಣವಾದಾಗ ಕಣ್ಣೀರೂ ಇಲ್ಲ, ಇದು ನಿಮಗೆ ಸಂಬಂಧಪಡದ ವಿಷಯ ಅಂತ ದೇವರೇ ಹೇಳಿದ್ದಾನೆ ಅಂತ ತಮ್ಮ ಸಭೆಗೆ ಹೇಳಿದರು. ಕಣ್ಣೀರು ಸುಳ್ಳು ಅಂತ ನಾನು ಹೇಳಲಾರೆ. ಒಂದು ವರ್ಷ ಸುಮ್ಮನೆ ಕೂರಲು ಆಗಲಿಲ್ಲ ಅನ್ನುವುದು ಮಾತ್ರ ಎಲ್ಲರಿಗೂ ಕಂಡದ್ದು.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಪಾಠಶಾಲೆ ಅಂದರೆ ಜರ್ಮನಿ. ಹಿಟ್ಲರ್ ಬಂದ ಮೇಲೆ ಅಲ್ಲಿನ ಪ್ರೊಟೆಸ್ಟಂಟ್ ಸಭೆಗಳಲ್ಲಿ ದೊಡ್ಡ ಪಾಲು ಅವನ ಹಿಂದೆ ಹೋಯಿತು. ಹೋಗದೆ ಉಳಿದವರು 1934ರ ಮೇ ತಿಂಗಳಲ್ಲಿ ಬಾರ್ಮೆನ್ ಅನ್ನುವ ಊರಿನಲ್ಲಿ ಸೇರಿ ಒಂದು ನಂಬಿಕೆಯ ಅರಿಕೆ ಹೊರಡಿಸಿದರು. ಕ್ರಿಸ್ತನನ್ನು ಬಿಟ್ಟು ಬೇರೆ ಯಾವ ನಾಯಕನ ಮಾತೂ ಸಭೆಗೆ ದೇವರ ವಾಕ್ಯವಾಗಲಾರದು ಅನ್ನುವುದು ಅದರ ಸಾರ. ಬರೆದದ್ದು ಹೆಚ್ಚಾಗಿ ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್, ಸ್ವಿಟ್ಜರ್ಲೆಂಡಿನ ಬಾಸೆಲಿನವರು. (ನಮ್ಮ ಹಂಚಿನ ಚರ್ಚಿನವರಿಗೆ ಬಾಸೆಲ್ ಅಂದರೆ ಸಂಬಂಧಿಕರ ಊರು ಇದ್ದ ಹಾಗೆ. ಅಲ್ಲಿಂದ ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ, ಬಾರ್ಮೆನ್‌ಗೆ ಸರಿಯಾಗಿ ನೂರು ವರ್ಷ ಮುಂಚೆ.) ಬಾರ್ಮೆನ್ನಿನಲ್ಲಿ ಸೇರಿದ ಆ ಗುಂಪಿನ ಹೆಸರೇ ಅರಿಕೆ ಮಾಡುವ ಸಭೆ. ಜರ್ಮನ್ ಭಾಷೆಯ ಆ ಪದಕ್ಕೂ ಕನ್ನಡದ ಅರಿಕೆಯ ಹಾಗೆ ಎರಡು ಮುಖ.

ಅವರ ಮುಂಚೂಣಿಯಲ್ಲಿದ್ದವರು ಮಾರ್ಟಿನ್ ನೀಮೊಲರ್. ಮೊದಲನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಕ್ಯಾಪ್ಟನ್, ಆಮೇಲೆ ಪಾದ್ರಿ. ಮೊದಮೊದಲು ಹಿಟ್ಲರನ ಪರವೇ ಇದ್ದರು. ಆಮೇಲೆ ತಿರುಗಿಬಿದ್ದು 1937ರ ಜುಲೈ 1ರಂದು ಬಂಧಿತರಾಗಿ ಯುದ್ಧ ಮುಗಿಯುವವರೆಗೆ ಸೆರೆಯಲ್ಲಿದ್ದರು. ಹೊರಗೆ ಬಂದಾಗ ಜಗತ್ತಿನ ಕಣ್ಣಿಗೆ ಹೀರೋ. 1945ರಲ್ಲಿ ಹೆಂಡತಿಯ ಜೊತೆ ದಾಖಾವ್ ಕ್ಯಾಂಪಿಗೆ ಹೋದರು, ಅವರೇ ವರ್ಷಗಟ್ಟಲೆ ಇದ್ದ ಜಾಗ. ಹೆಣ ಸುಡುತ್ತಿದ್ದ ಒಲೆಗಳ ಹತ್ತಿರ ಒಂದು ಹಲಗೆ. 1933ರಿಂದ 1945ರವರೆಗೆ ಇಲ್ಲಿ ಇಷ್ಟು ಮಂದಿಯನ್ನು ಸುಟ್ಟರು ಅಂತ. ಅವರನ್ನು ಹಿಡಿದು ನಿಲ್ಲಿಸಿದ್ದು ಸತ್ತವರ ಲೆಕ್ಕಕ್ಕಿಂತ ಮೊದಲ ಇಸವಿ. 1937ರಿಂದ ಈಚೆಗೆ ನಾನೇ ಸೆರೆಯಲ್ಲಿದ್ದೆ, ಕೇಳಿದರೆ ಉತ್ತರ ಇದೆ. ಆದರೆ 1933ರಿಂದ 1937ರವರೆಗೆ ನೀನು ಎಲ್ಲಿದ್ದೆ ಅಂತ ದೇವರು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ ಅಂತ ಅವರು ಆಮೇಲೆ ಊರೂರು ತಿರುಗಿ ಹೇಳಿದರು. ಮೊದಲು ಕಮ್ಯುನಿಸ್ಟರನ್ನು ಹಿಡಿದರು, ನಾನು ಮಾತಾಡಲಿಲ್ಲ ಅಂತ ಶುರುವಾಗುವ ಆ ಪ್ರಸಿದ್ಧ ಸಾಲುಗಳು ಅವರವೇ. ನಾವು ಅದನ್ನು ವಾಟ್ಸಾಪಿನಲ್ಲಿ ಬೇರೆಯವರಿಗೆ ಚುಚ್ಚಲು ಫಾರ್ವರ್ಡ್ ಮಾಡುತ್ತೇವೆ. ಅವರು ಅದನ್ನು ಹೇಳಿದ್ದು ತಮ್ಮ ಮೇಲೆ.

1945ರ ಅಕ್ಟೋಬರಿನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಭೆಯ ಮುಖಂಡರು ಹೊರದೇಶದ ಸಭೆಗಳಿಂದ ಬಂದವರ ಮುಂದೆ ತಪ್ಪೊಪ್ಪಿಗೆಯ ಹೇಳಿಕೆ ಓದಿದರು. ಅದರ ಭಾಷೆ ಸ್ವಲ್ಪ ನೋಡಿ. ಇನ್ನೂ ಧೈರ್ಯವಾಗಿ ಸಾಕ್ಷಿ ಕೊಡಲಿಲ್ಲ, ಇನ್ನೂ ನಿಷ್ಠೆಯಿಂದ ಪ್ರಾರ್ಥಿಸಲಿಲ್ಲ, ಇನ್ನೂ ಸಂತೋಷದಿಂದ ನಂಬಲಿಲ್ಲ. ಈ 'ಇನ್ನೂ' ಇದೆಯಲ್ಲ, ನಮ್ಮ ಕಮಿಟಿಯವರು ಬರೆದಿದ್ದರೂ ಹೀಗೇ ಬರೆಯುತ್ತಿದ್ದರು! ಮಾಡಿದ್ದೆವು, ಸಾಲಲಿಲ್ಲ ಅಷ್ಟೆ ಅನ್ನುವ ಧಾಟಿ. ಯೆಹೂದ್ಯರ ಹೆಸರೇ ಅದರಲ್ಲಿಲ್ಲ, ಆ ಟೀಕೆ ಇವತ್ತಿಗೂ ನಿಂತಿದೆ. ಆದರೆ ನಡುವೆ ಒಂದು ಮೊಂಡು ವಾಕ್ಯ ಇದೆ, ನೀಮೊಲರ್ ಪಟ್ಟು ಹಿಡಿದು ಸೇರಿಸಿದ್ದು. ನಮ್ಮಿಂದ ಅನೇಕ ಜನಾಂಗಗಳಿಗೂ ದೇಶಗಳಿಗೂ ಕೊನೆಯಿಲ್ಲದ ಸಂಕಟ ಬಂತು ಅಂತ. ಜರ್ಮನಿಯ ಜನ ಸಿಟ್ಟಾದದ್ದು ಈ ವಾಕ್ಯಕ್ಕೇ. ಮೆತ್ತಗಿನ ವಾಕ್ಯಗಳಿಗೆ ಯಾರೂ ಸಿಟ್ಟಾಗುವುದಿಲ್ಲ.

ಈಗ ನಮ್ಮ ಹುಣಸೆಮರದ ಹತ್ತಿರ ವಾಪಸ್ ಬರೋಣ.

ದುಡ್ಡಿನ ಸಂಗತಿ ಆಗಿ ನಾಲ್ಕು ವರ್ಷವಾಗಿತ್ತು. ಆ ಹೊತ್ತಿಗೆ ನನ್ನನ್ನು ಇನ್ನೂ ಮೇಲಿನ ಒಂದು ಕಮಿಟಿಗೆ ಕಳಿಸುವ ಮಾತು ನಡೆದಿತ್ತು, 'ಪ್ರಾಮಾಣಿಕ ಮನುಷ್ಯ' ಅನ್ನುವ ಶಿಫಾರಸಿನ ಜೊತೆ. ಅದನ್ನು ಕೇಳಿದ ರಾತ್ರಿ ನಿದ್ದೆ ಬರಲಿಲ್ಲ. ಮಂಗಳೂರಿನ ನನ್ನ ಕ್ಯಾಥೊಲಿಕ್ ಸಹೋದ್ಯೋಗಿಯೊಬ್ಬರು ಇಂಥ ಸ್ಥಿತಿಯಲ್ಲಿ ಸೀದಾ ಕುಮ್ಸಾರಕ್ಕೆ ಹೋಗುತ್ತಾರೆ. ಕೊಂಕಣಿಯಲ್ಲಿ ಪಾಪನಿವೇದನೆಗೆ ಹಾಗನ್ನುತ್ತಾರೆ, ಪೋರ್ಚುಗೀಸರ ಕಾಲದಿಂದ ಬಂದ ಪದ. ಜಾಲರಿಯ ಆಚೆ ಪಾದ್ರಿ, ಈಚೆ ಹೇಳಿಕೊಳ್ಳುವವರು, ಹೇಳಿದ್ದು ಅಲ್ಲೇ ಉಳಿಯುತ್ತದೆ. ಅವರ ಪಾದ್ರಿಗಳೂ ಇನ್ನೊಬ್ಬ ಪಾದ್ರಿಯ ಮುಂದೆ ಮೊಣಕಾಲೂರಬೇಕು. 2014ರ ಮಾರ್ಚಿನಲ್ಲಿ ಪೋಪ್ ಫ್ರಾನ್ಸಿಸ್ ಎಲ್ಲರೂ ನೋಡುತ್ತಿದ್ದಂತೆ ಒಬ್ಬ ಸಾಮಾನ್ಯ ಪಾದ್ರಿಯ ಮುಂದೆ ಮೊಣಕಾಲೂರಿದ ಫೋಟೋ ನೀವೂ ನೋಡಿರಬಹುದು. ಪ್ರೊಟೆಸ್ಟಂಟರಾದ ನಮ್ಮಲ್ಲಿ ಅಂಥ ಏರ್ಪಾಡಿಲ್ಲ. ದೇವರಿಗೆ ನೇರವಾಗಿ ಹೇಳಿದರಾಯಿತು ಅನ್ನುತ್ತೇವೆ. ನಾನು ನಾಲ್ಕು ವರ್ಷ ದೇವರಿಗೆ ನೇರವಾಗಿಯೇ ಹೇಳುತ್ತಿದ್ದೆ, ಪ್ರತಿ ಸಲ ಕ್ಷಮೆಯೂ ಸಿಗುತ್ತಿತ್ತು, ಮಾರನೇ ದಿನ ಮತ್ತೆ ಅದೇ ಕಲ್ಲು ಎದೆಯ ಮೇಲೆ.

ಅಯ್ಯನವರ, ಅಂದರೆ ನಮ್ಮ ಸಭೆಯ ಪಾದ್ರಿಗಳ, ಮನೆಗೆ ಹೋದೆ. ಸಂಜೆ ಹೊತ್ತು, ಅವರು ಹಿತ್ತಲಲ್ಲಿ ನುಗ್ಗೆ ಗಿಡಕ್ಕೆ ನೀರು ಹಾಕುತ್ತಿದ್ದರು. ಹೇಳಿದೆ. ಅವರು ನಳ ಬಂದ್ ಮಾಡಿ ಪೈಪನ್ನು ನಿಧಾನಕ್ಕೆ ಸುತ್ತಿಟ್ಟರು. ಬಹಳ ಹೊತ್ತು ಮಾತಿಲ್ಲ.

"ಪುಣ್ಯಾತ್ಮ ನೀವು, ನನ್ನ ಹತ್ರ ಬಂದ್ರಿ," ಅಂದರು. "ನಾ ಯಾರ ಹತ್ರ ಹೋಗ್ಲಿ ಹೇಳ್ರಿ?"

ಈ ಮಾತಿಗೆ ನಾನು ತಯಾರಿರಲಿಲ್ಲ. ಮೂವತ್ತು ವರ್ಷದ ಸೇವೆಯಲ್ಲಿ ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಲು ಅವರಿಗೆ ಒಬ್ಬ ಮನುಷ್ಯ ಇರಲಿಲ್ಲ. ಬಿಷಪ್ಪರಿಗೆ ಹೇಳಿದರೆ ವರ್ಗಾವಣೆ. ಜೊತೆಯ ಅಯ್ಯನವರಿಗೆ ಹೇಳಿದರೆ ಸುದ್ದಿ. ಸಭೆಯವರಿಗೆ ಹೇಳಿದರೆ ಮುಗಿಯಿತು. ಅಮ್ಮನವರಿಗೆ, ಅಂದರೆ ಅವರ ಹೆಂಡತಿಗೆ? "ಆಕಿಗೆ ಮೊದ್ಲ ಎಲ್ಲಾ ಗೊತ್ತೈತಿ," ಅಂತ ನಕ್ಕರು.

ಡೀಟ್ರಿಶ್ ಬಾನ್‌ಹಾಫರ್ ನೆನಪಾದರು, ಬಾರ್ಮೆನ್ ಗುಂಪಿನ ಕಿರಿಯ. 1935ರಿಂದ 1937ರವರೆಗೆ ಫಿಂಕೆನ್‌ವಾಲ್ಡೆ ಅನ್ನುವ ಹಳ್ಳಿಯಲ್ಲಿ ಪಾದ್ರಿಯಾಗುವವರಿಗೆ ಒಂದು ಶಾಲೆ ನಡೆಸಿದರು, ಸರ್ಕಾರಕ್ಕೆ ಆಗದ ಶಾಲೆ, ಕೊನೆಗೆ ಪೊಲೀಸರು ಬಂದು ಬೀಗ ಹಾಕಿದರು. ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡುವ ಅಭ್ಯಾಸವನ್ನು ಅಲ್ಲಿ ತಂದರು. ಹುಡುಗರಿಗೆ ಮುಜುಗರ, ಪ್ರೊಟೆಸ್ಟಂಟರಿಗೆ ಇದೆಂಥದು ಅಂತ. ಒಂದು ದಿನ ಬಾನ್‌ಹಾಫರ್ ತಾವೇ ಒಬ್ಬ ವಿದ್ಯಾರ್ಥಿಯ ಹತ್ತಿರ ಹೋಗಿ ನನ್ನ ಅರಿಕೆ ಕೇಳುತ್ತೀಯಾ ಅಂದರು. ಆ ಹುಡುಗನಿಗೆ ಅದರ ಅನುಭವವೇ ಇರಲಿಲ್ಲ. ಪ್ರಿನ್ಸಿಪಾಲರು ಹುಡುಗನ ಮುಂದೆ! ನಮ್ಮ ಕಡೆ ಊಹಿಸಿಕೊಳ್ಳಿ. (ಆ ಶಾಲೆಯಲ್ಲಿ ಇನ್ನೊಂದು ನಿಯಮ, ಎದುರಿಗೆ ಇಲ್ಲದವರ ಬಗ್ಗೆ ಮಾತಾಡಬಾರದು. ನಮ್ಮ ಸಭೆಯಲ್ಲಿ ಅದನ್ನು ತಂದರೆ ಆರಾಧನೆ ಮುಗಿದ ಮೇಲೆ ಹುಣಸೆಮರದ ಕೆಳಗೆ ಯಾರಿಗೂ ಕೆಲಸವಿರುವುದಿಲ್ಲ.)

ಅರಿಕೆಯನ್ನು ಕೇಳುವವರ ಕೈಯಲ್ಲಿ ಎಷ್ಟು ಅಧಿಕಾರ ಇರುತ್ತದೆ ಅನ್ನುವುದನ್ನೂ ಮರೆಯಬಾರದು. 2018ರಲ್ಲಿ ಕೇರಳದ ಕೆಲವು ಪಾದ್ರಿಗಳ ಮೇಲೆ, ಒಬ್ಬ ಮಹಿಳೆಯ ಪಾಪನಿವೇದನೆಯನ್ನೇ ಹಿಡಿದು ಆಕೆಯನ್ನು ಬ್ಲಾಕ್‌ಮೇಲ್ ಮಾಡಿದರೆಂಬ ಆರೋಪ ಬಂತು. ರಾಷ್ಟ್ರೀಯ ಮಹಿಳಾ ಆಯೋಗದ ಅಧ್ಯಕ್ಷೆ ಆ ಪದ್ಧತಿಯನ್ನೇ ನಿಲ್ಲಿಸಬೇಕು ಅಂದರು, ಸಭೆಗಳು ವಿರೋಧಿಸಿದವು. ಪದ್ಧತಿ ನಿಲ್ಲಬೇಕಿಲ್ಲ ಅನ್ನುವುದು ನನ್ನ ಮತವೂ ಹೌದು. ಆದರೆ ಅವತ್ತು ನಮ್ಮವರು ಪದ್ಧತಿ ಉಳಿಸಲು ಎತ್ತಿದ ದನಿಯಲ್ಲಿ ಅರ್ಧದಷ್ಟೂ ಆ ಹೆಣ್ಣುಮಗಳಿಗಾಗಿ ಎತ್ತಲಿಲ್ಲ. ಇನ್ನು ಮಕ್ಕಳ ಮೇಲಿನ ದೌರ್ಜನ್ಯದಂಥ ವಿಷಯವನ್ನು 'ಅರಿಕೆ ಮಾಡಿದ್ದಾನೆ, ಕ್ಷಮಿಸಿದ್ದೇವೆ' ಅಂತ ಒಳಗೇ ಮುಗಿಸುವುದಿದೆಯಲ್ಲ, ಅದು ಅರಿಕೆಯೇ ಅಲ್ಲ, ಮುಚ್ಚಿಡುವುದು. ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾನೂನು ಹೇಳುತ್ತದೆ. ತಿಳಿಸು ಅನ್ನುವುದೇ ಅಲ್ಲವೇ ಅರಿಕೆಯ ಅರ್ಥ.

ಹೊರಡುವಾಗ ಅಯ್ಯನವರು ಗೇಟಿನವರೆಗೆ ಬಂದರು. "ದೇವರು ಕ್ಷಮಿಸ್ಯಾನ, ಅದರಾಗ ಎರಡು ಮಾತಿಲ್ಲ. ಆದ್ರ ದುಡ್ಡು ದೇವರದಷ್ಟ ಅಲ್ಲ, ಸಭೆದೂ ಹೌದು. ಅವ್ರಿಗೆ ಯಾವಾಗ ಹೇಳ್ತೀರಿ?" ಅಂದರು.

ಅಲ್ಲಿ ಗೊತ್ತಾಯಿತು ನನ್ನ ನಂಬಿಕೆ ಎಷ್ಟು ಅಂತ. ದೇವರು ಕ್ಷಮಿಸುತ್ತಾನೆ ಅಂತ ನಂಬುವುದು ನನಗೆ ಎಂದೂ ಕಷ್ಟವಾಗಿರಲಿಲ್ಲ. ಮೂರನೇ ಬೆಂಚಿನಲ್ಲಿ ಕೂರುವ, ಹೋದ ವರ್ಷ ನನ್ನ ಬಜೆಟ್ಟಿಗೆ ಅಡ್ಡ ಬಂದ ಆ ಹಿರಿಯರು ಕ್ಷಮಿಸುತ್ತಾರೆ ಅಂತ ನಂಬುವುದು ಆಗುತ್ತಿರಲಿಲ್ಲ. ಸ್ಥಾನ ಹೋದರೂ ನಾನು ಉಳಿಯುತ್ತೇನೆ ಅನ್ನುವ ಧೈರ್ಯ ಇಲ್ಲದವನು ಯೇಸುವೇ ಕರ್ತನು ಅಂತ ಎಷ್ಟು ಜೋರಾಗಿ ಹೇಳಿದರೇನು.

ಎರಡು ತಿಂಗಳು ಮುಂದೂಡಿದೆ. ಆಮೇಲೆ ಒಂದು ಭಾನುವಾರ ಕಮಿಟಿಯಲ್ಲಿ, 'ಇತರೆ ವಿಷಯಗಳು' ಬಂದಾಗ ಹೇಳಿದೆ. ತಿಂಗಳು, ಮೊತ್ತ, ನಲವತ್ತು ದಿನ, ಬಾಕಿ ಅಂತ ಸುಳ್ಳು ಬರೆದದ್ದು, ಎಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು. ಮೂರನೇ ಬೆಂಚಿನ ಹಿರಿಯರೇ ಮೊದಲು ಬಾಯಿ ತೆರೆದರು. "ನಲವತ್ತು ದಿನದ ಬಡ್ಡಿ ಎಷ್ಟಾತು?" ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ, ನಿಜವಾಗಿ ಕೇಳಿದ್ದರು. ಕಟ್ಟಿದೆ.

ಸೆಕ್ರೆಟರಿ ನಡಾವಳಿ ಪುಸ್ತಕದಲ್ಲಿ ಬರೆದದ್ದು ಹೀಗೆ: 'ಖಜಾಂಚಿಯವರು ಒಂದು ವಿಷಯವನ್ನು ಗಮನಕ್ಕೆ ತಂದರು. ಚರ್ಚಿಸಲಾಯಿತು.' ನನ್ನ ಮಾನ ಉಳಿಸಲು ಪಾಪ ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ನಾನು ಪುಸ್ತಕ ತೆಗೆದುಕೊಂಡು ಕೆಳಗೆ ಇನ್ನೊಂದು ವಾಕ್ಯ ಸೇರಿಸಿ ಅಂದೆ. ಅವರು ಬೇಡ ಅಂದರು. ಸ್ವಲ್ಪ ಹೊತ್ತು ವಾದ ಆಯಿತು. ಕೊನೆಗೆ 15,000 ಅನ್ನುವ ಅಂಕಿ ಪುಸ್ತಕದಲ್ಲಿ ಬಂತು. ಖಜಾಂಚಿಕೆ ಬಿಟ್ಟೆ, ಮೇಲಿನ ಕಮಿಟಿಯ ಮಾತು ತಾನೇ ನಿಂತಿತು. ಹಬ್ಬದ ದುಡ್ಡನ್ನು ಅವತ್ತೇ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕಬೇಕು ಅನ್ನುವ ನಿಯಮ ಬಂತು. ಒಂದು ಮನೆಯವರು ವರ್ಷದವರೆಗೆ ಮಾತು ಬಿಟ್ಟರು. ಇಬ್ಬರು ಮಾತ್ರ, ಬೇರೆ ಬೇರೆ ದಿನ, ಕತ್ತಲಾದ ಮೇಲೆ ನನ್ನ ಮನೆಗೆ ಬಂದು ತಮ್ಮದೇನೋ ಹೇಳಿಕೊಂಡು ಹೋದರು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ಸುಗ್ಗಿ ಹಬ್ಬದಲ್ಲಿ ಒಂದು ಕುಂಬಳಕಾಯಿ ನನ್ನ ಹೆಸರಿಗೆ 650ಕ್ಕೆ ನಿಂತಿತು. ಹೊಸ ಖಜಾಂಚಿಗೆ ದುಡ್ಡು ಕೊಟ್ಟು ಕಾಯಿ ಹೆಗಲ ಮೇಲೆ ಹೊತ್ತು ಹೊರಟಿದ್ದೆ. ಹಿಂದಿನಿಂದ ಮೂರನೇ ಬೆಂಚಿನ ಹಿರಿಯರು ಕೂಗಿದರು, "ಏನ್ರಿ, ರಸೀದಿ ತಗೊಂಡ್ರಿಲ್ಲೋ?" ಕಂಪೌಂಡಿನಲ್ಲಿ ಇದ್ದವರೆಲ್ಲ ನಕ್ಕರು. ಸ್ವಲ್ಪ ತಡೆದು ನಾನೂ ನಕ್ಕೆ, ವಾಪಸ್ ಹೋಗಿ ರಸೀದಿ ತಗೊಂಡೆ.